ತಂತಿ ಬಿಗಿದ ದವಡೆ

ಡೋರಿಕಾ ಮೊದಲ ಸಲ ಎನೆಲೇಸಿಯನ್ನು ಕಂಡದ್ದು ನವೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಹತ್ತರ ಸುಮಾರಿಗೆ. ಮಳೆ ಇನ್ನೂ ಹಿಡಿದಿರಲಿಲ್ಲ. ಶೀರೆ ನದಿಯ ದಂಡೆಯ ಆ ಪೇಟೆಯ ಆಸ್ಪತ್ರೆಯಲ್ಲಿ ಹಲ್ಲಿನ ಕೋಣೆ ಇರುವುದು ಸಾಲಿನ ಕಟ್ಟಕಡೆಗೆ. ಅದರ ತಗಡಿನ ಮಾಡು ಆಗಲೇ ಕಾದಿತ್ತು. ಡೋರಿಕಾ ಒಬ್ಬ ಮುದುಕನ ಹಲ್ಲು ಕಿತ್ತು, ಹತ್ತಿ ಕಚ್ಚಿಸಿ, ಕೈ ತೊಳೆಯಲು ತಿರುಗಿದಾಗ ಬಾಗಿಲಲ್ಲಿ ಹತ್ತೊಂಬತ್ತು ಇಪ್ಪತ್ತರ ಒಬ್ಬ ಹೆಣ್ಣುಮಗಳು ನಿಂತಿದ್ದಳು.

ಅವಳ ಮುಖ ಹಣೆಯಿಂದ ಮೂಗಿನವರೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಮೂಗಿನಿಂದ ಕೆಳಗೆ ಬಿಳಿಯೂ ಕೆಂಪೂ ಕಲಸಿಕೊಂಡು ಕುತ್ತಿಗೆಯವರೆಗೆ ಮುದ್ದೆಮುದ್ದೆಯಾಗಿ ಇಳಿದಿತ್ತು. ತುಂಬಿದ ಬಟ್ಟಲನ್ನು ಚೆಲ್ಲದಂತೆ ಹಿಡಿಯುವ ಹಾಗೆ ಎರಡೂ ಅಂಗೈ ಜೋಡಿಸಿ ಗದ್ದವನ್ನು ಹಿಡಿದುಕೊಂಡಿದ್ದಳು. ಸೊಂಟಕ್ಕೆ ಸುತ್ತಿದ್ದ ಹಳದಿ ಚಿತೆಂಜೆ ಬಟ್ಟೆ ಮಂಡಿಯ ಹತ್ತಿರ ಹರಿದಿತ್ತು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅವಳು ಅಳುತ್ತಿರಲಿಲ್ಲ. ಕಣ್ಣು ಮಾತ್ರ ಕೆಂಡವಾಗಿದ್ದವು.

ಅವಳ ಹಿಂದೆ ಮೊಣಕೈ ತರಚಿಕೊಂಡ ಒಬ್ಬ ತೆಳ್ಳನೆಯ ಗಂಡಸು ನಿಂತಿದ್ದ. ಅವನು ಲೆಫಾನಿ. ಕಬಾಜ, ಅಂದರೆ ಬಾಡಿಗೆ ಸೈಕಲ್, ತುಳಿಯುವವನು.

"ಡಾಕ್ಟ್ರಮ್ಮಾ, ಬಿದ್ಬುಟ್ಲು," ಅಂದ.

"ಬಿದ್ಲಾ, ಬೀಳ್ಸಿದ್ಯಾ?"

"ನಾನ್ಯಾಕ್ ಬೀಳ್ಸ್‌ಲಿ ತಾಯೀ? ಅವ್ಳೇ ಅಲ್ಲಾಡಿದ್ಲು. ತೊಡೆ ಮ್ಯಾಲೆ ಹಿಟ್ಟಿನ ಬೇಸಿನ್ ಮಡ್ಗಿದ್ಲು. ಜಾರ್ತದೆ ಅಂತ ನನ್ ಅಂಗಿ ಹಿಡ್ದು ಎಳೆದ್ಲು, ಅದ್ಕೇ..."

ಅವನ ಮಾತು ಮುಗಿಯಲಿಲ್ಲ. ಆ ಹುಡುಗಿ ಗದ್ದದಿಂದ ಒಂದು ಕೈ ಬಿಡಿಸಿ ಅವನ ಕೆನ್ನೆಗೆ ರಪ್ಪನೆ ಬಾರಿಸಿದಳು. ಹಿಟ್ಟೂ ನೆತ್ತರೂ ಕೂಡಿ ಐದು ಬೆರಳೂ ಅವನ ಮುಖದ ಮೇಲೆ ಅಚ್ಚೊತ್ತಿದವು. ಕೈ ಬಿಟ್ಟಿದ್ದೇ ತಡ, ಅವಳ ಕೆಳದವಡೆ ಒಂದು ಮಗ್ಗುಲಿಗೆ ಜೋತುಬಿತ್ತು. ಹಲ್ಲಿನ ಸಾಲು ನಡುವೆ ಮೆಟ್ಟಿಲಿನಂತೆ ಮುರಿದಿರುವುದು ಡೋರಿಕಾಗೆ ಅಲ್ಲಿಂದಲೇ ಕಂಡಿತು. ಒಂದು ಕಡೆಯಲ್ಲ, ಎರಡು ಕಡೆ.

"ಹೊಡ್ದಿದ್ದು ಸಾಕು, ಬಾ ಕೂತ್ಕೋ," ಎಂದಳು ಡೋರಿಕಾ. "ನೀನು ಆಚೆ ನಡಿ," ಎಂದು ಲೆಫಾನಿಯನ್ನು ಅಟ್ಟಿದಳು.

ಗಾಯದೊಳಗೆ ಮಣ್ಣು ಸೇರಿದರೆ ತೊಳೆದುಬಿಡಬಹುದು. ಮೆಕ್ಕೆಜೋಳದ ಹಿಟ್ಟು ಹಾಗಲ್ಲ. ಹಸಿಯಾದರೆ ಅಂಟಾಗುತ್ತದೆ, ಒಣಗಿದರೆ ಗಾರೆ. ತೊಳೆಯುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಮುಂದಿನ ಮೂರು ಹಲ್ಲು ಹೋಗಿದ್ದವು. ತುಟಿ ಸೀಳಿತ್ತು. ಡೋರಿಕಾ ತೊಳೆಯುತ್ತಾ ಮನಸ್ಸಿನಲ್ಲೇ ಬೈಯುತ್ತಿದ್ದಳು. ಆ ವರ್ಷ ಅವಳ ಕೈಗೆ ಬಂದ ಮೂವತ್ತೊಂದನೆಯ ದವಡೆ ಇದು.

ಹದಿನಾಲ್ಕು ವರ್ಷದಿಂದ ಅವಳು ಆ ಕೋಣೆಯಲ್ಲಿದ್ದಳು. ಮೊದಲೆಲ್ಲ ಹುಳುಕು ಹಲ್ಲು, ಬಾವು, ಅಷ್ಟೇ. ಆಮೇಲೆ ಕಬಾಜ ಹೆಚ್ಚಿದವು. ಸೈಕಲ್ಲಿನಿಂದ ಬಿದ್ದವರಿಗೆ ದವಡೆ ಮುರಿಯುತ್ತಿತ್ತು. ಮೋಟಾರ್ ಸೈಕಲ್ ಬಂದ ಮೇಲೆ ಕೆನ್ನೆಯ ಎಲುಬು, ಕಣ್ಣಿನ ಗೂಡು, ಮೂಗಿನ ಕಂಬ ಎಲ್ಲವೂ. ಮೋಟಾರ್ ಸೈಕಲ್ಲಿನವರು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಪೊಲೀಸರು ಕಂಡಾಗ ಮಾತ್ರ ತಲೆಗೆ ಏರಿಸುತ್ತಾರೆ. ಸೈಕಲ್ಲಿನವರಿಗೆ ಅದೂ ಇಲ್ಲ. ಬ್ರೇಕೂ ಇಲ್ಲ. ಇಳಿಜಾರು ಬಂದರೆ ಚಪ್ಪಲಿಯ ಹಿಮ್ಮಡಿಯನ್ನು ಗಾಲಿಗೆ ಒತ್ತಿ ನಿಲ್ಲಿಸುತ್ತಾರೆ. ಹಿಂದೆ ಕುಳಿತ ಹೆಂಗಸು ಚಿತೆಂಜೆ ಉಟ್ಟು ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟಿರಬೇಕು. ಎರಡೂ ಕಡೆ ಕಾಲು ಹಾಕಿ ಕುಳಿತರೆ ಗಂಡುಬೀರಿ. ತೊಡೆಯ ಮೇಲೆ ಗಂಟೋ ಬೇಸಿನ್ನೋ ಇದ್ದೇ ಇರುತ್ತದೆ, ಹಿಡಿದುಕೊಳ್ಳಲು ಕೈ ಉಳಿಯುವುದಿಲ್ಲ. ಬಿದ್ದರೆ ಮೊದಲು ನೆಲ ಮುಟ್ಟುವುದು ಮುಖವೇ. ಮಾನ ಉಳಿಸಿಕೊಳ್ಳಲು ಹೋಗಿ ಮೋರೆ ಕಳೆದುಕೊಂಡವರನ್ನು ಡೋರಿಕಾ ಎಷ್ಟು ಕಂಡಿದ್ದಳೋ.

ಮಧ್ಯಾಹ್ನದ ಹೊತ್ತಿಗೆ ಎನೆಲೇಸಿಯ ಅವ್ವ ಓಡಿಬಂದಳು. ಅಷ್ಟರಲ್ಲಿ ಡೋರಿಕಾ ಮೇಲಿನ ಹಲ್ಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಲೋಹದ ಪಟ್ಟಿ ಕಟ್ಟಿ, ಎರಡನ್ನೂ ಸೇರಿಸಿ ಸಣ್ಣ ತಂತಿಯಿಂದ ಬಿಗಿದಿದ್ದಳು. ಬಾಯಿ ಮುಚ್ಚಿತ್ತು.

"ಆರು ವಾರ," ಎಂದಳು ಡೋರಿಕಾ. "ಆರು ವಾರ ಬಾಯಿ ತೆಗೆಯೋ ಹಾಗಿಲ್ಲ. ನೀರು ಗಂಜಿ, ಕಡಲೆಕಾಯಿ ಪುಡಿ ಕದಡಿದ ಸಾರು. ಹಲ್ಲು ಹೋದ ಸಂದಿಯಿಂದ ಕೊಳವೆಯಲ್ಲಿ ಹೀರ್ಲಿ. ಎಲುಬು ಕೂಡೋವರೆಗೆ ಅಲ್ಲಾಡಿದ್ರೆ ಅಡ್ಡಾದಿಡ್ಡಿ ಕೂಡ್ತದೆ. ಆಮೇಲೆ ಹಲ್ಲಿಗೆ ಹಲ್ಲು ತಾಕಲ್ಲ, ಸಾಯೋವರ್ಗೂ ಅಗಿಯಕ್ಕಾಗಲ್ಲ."

ಅವ್ವನ ಕೈಗೆ ತಂತಿ ಕತ್ತರಿಸುವ ಒಂದು ಪುಟ್ಟ ಇಕ್ಕಳವನ್ನೂ ಕೊಟ್ಟಳು. ವಾಂತಿಯಾಗಿ ಉಸಿರು ಕಟ್ಟುವಂತಾದರೆ ಮಾತ್ರ ಕತ್ತರಿಸಬೇಕು, ಇನ್ನಾವುದಕ್ಕೂ ಅಲ್ಲ ಎಂದು ಮೂರು ಸಲ ಹೇಳಿದಳು. ಅವ್ವ ಅದನ್ನು ಚಿತೆಂಜೆಯ ತುದಿಗೆ ಗಂಟುಹಾಕಿಕೊಂಡಳು.

ಒಂಬತ್ತನೆಯ ದಿನ ನೋಡಲು ಬಂದಾಗ ಎನೆಲೇಸಿಯ ಕಡೆಹಲ್ಲಿನ ಹಿಂದೆ ಬೆಳ್ಳಗೆ ಏನೋ ಸಿಕ್ಕಿಕೊಂಡು ಹಳಸಿತ್ತು. ಡೋರಿಕಾ ಕೊಕ್ಕೆಯಿಂದ ಎಳೆದು ತೆಗೆದಳು. ಮೆಕ್ಕೆಜೋಳದ ಹಿಟ್ಟಿನ ಎನ್‌ಸಿಮಾ ಮುದ್ದೆ.

"ಇದನ್ನ ಯಾರು ತುರುಕಿದ್ದು?"

ಅವ್ವ ನೆಲ ನೋಡಿದಳು. "ಒಂದ್ ಗೋಲಿಯಷ್ಟು ಡಾಕ್ಟ್ರಮ್ಮಾ. ಎನ್‌ಸಿಮಾ ತಿನ್ನದಿದ್ರೆ ಉಂಡಂಗಾ? ಗಂಜಿ ಕುಡ್ಕಂಡ್ ಇರಕ್ಕೆ ಇವ್ಳೇನು ಎಳೆಗೂಸಾ? ಅಕ್ಕಪಕ್ಕದೋರು ಆಡ್ಕತಾರೆ, ಮಗ್ಳನ್ನ ಉಪಾಸ ಕೆಡವ್ತಾವ್ಳೆ ಅಂತ."

"ಅಕ್ಕಪಕ್ಕದೋರು ಬಂದು ದವಡೆ ಕೂಡಿಸ್ತಾರಾ? ಕೆನ್ನೆ ಹಿಂದೆ ಕೊಳೆತ್ರೆ ಕೀವಾಗಿ ಎಲುಬೇ ಹೋಗ್ತದೆ ಕಣವ್ವಾ! ಇನ್ನೊಂದ್ ಸಲ ಹಿಂಗ್ ಮಾಡಿದ್ರೆ ನಿನ್ ಬಾಯಿಗೂ ತಂತಿ ಹಾಕ್ತೀನಿ, ನೋಡ್ತಿರು!"

ಬಿಗಿದ ಹಲ್ಲಿನ ಹಿಂದಿನಿಂದ ಎನೆಲೇಸಿ ಗುರುಗುರು ಅಂದಳು. ನಗು ಅದು. ಡೋರಿಕಾಗೆ ನಗು ಬರಲಿಲ್ಲ.

ಹದಿನೇಳನೆಯ ದಿನ ಎನೆಲೇಸಿ ಒಬ್ಬಳೇ ಬಂದಳು. ಅಂದು ಗುರುವಾರ. ಕುರ್ಚಿಯಲ್ಲಿ ಕೂರಲಿಲ್ಲ. ನೇರವಾಗಿ ಮೇಜಿನ ಹತ್ತಿರ ಹೋಗಿ ತನ್ನ ಆಸ್ಪತ್ರೆ ಚೀಟಿಯ ಹಿಂಭಾಗದಲ್ಲಿ ಪೆನ್ಸಿಲಿನಿಂದ ಬರೆದಳು. ಐದನೆಯ ತರಗತಿಯವರೆಗೆ ಓದಿದವಳು, ಅಕ್ಷರ ದಪ್ಪ ದಪ್ಪ.

'ತಂತಿ ಬಿಚ್ಚಿ. ಶನಿವಾರ ನ್ಯಾಯ. ಭಾನುವಾರ ಮತ್ತೆ ಕಟ್ಟಿ.'

"ಇದೇನು ಬೇಲಿ ಅಂದ್ಕೊಂಡ್ಯಾ, ಬಿಚ್ಚಿ ಕಟ್ಟೋದಕ್ಕೆ?" ಎಂದಳು ಡೋರಿಕಾ. "ಎಂಥಾ ನ್ಯಾಯ?"

ಹುಡುಗಿ ಮಾತಾಡಲು ನೋಡಿದಳು. ತಂತಿ ಬಿಗಿದವರ ಮಾತು ಕೇಳಿ ಕೇಳಿ ಡೋರಿಕಾಗೆ ಅಭ್ಯಾಸವಿತ್ತು. ಬೇರೆಯವರಿಗೆ ಅದು ಗಡಿಗೆಯೊಳಗೆ ಜೀರುಂಡೆ ಕೂಗಿದಂತೆ ಕೇಳುತ್ತದೆ. ಮಾತಿನ ಜೊತೆಗೆ ಜೊಲ್ಲೂ ಇಳಿಯುತ್ತದೆ. ಊರ ಬಾವಿಯ ಹತ್ತಿರ ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ಅಂದಿನಿಂದ ಎನೆಲೇಸಿ ಡೋರಿಕಾಳ ಮುಂದೆ ಬಿಟ್ಟು ಬೇರೆಲ್ಲೂ ತುಟಿ ಅಲ್ಲಾಡಿಸಿರಲಿಲ್ಲ.

ಈಗ ಅರ್ಧ ಮಾತಲ್ಲಿ, ಅರ್ಧ ಬರಹದಲ್ಲಿ ವಿಷಯ ಹೊರಬಂತು. ಬಿದ್ದದ್ದು ಯಾರ ತಪ್ಪು ಎಂದು ತೀರ್ಮಾನಿಸಲು ಊರ ಯಜಮಾನ ಮಕುಂಗ್ವಾ ಎರಡೂ ಕಡೆಯವರನ್ನು ಕರೆಸಿದ್ದಾನೆ. ಹುಡುಗಿಯೇ ಅಂಗಿ ಎಳೆದಳು, ಅದಕ್ಕೇ ಸೈಕಲ್ ಮಗುಚಿತು ಎಂಬುದು ಲೆಫಾನಿಯ ಹೇಳಿಕೆ. ಹುಡುಗಿಯ ಪರವಾಗಿ ಮಾತಾಡಬೇಕಾದವನು ಅವಳ ಸೋದರಮಾವ ವಾಡಿಸೋನಿ. ಅಲ್ಲಿಯ ಪದ್ಧತಿಯೇ ಹಾಗೆ. ಅಕ್ಕತಂಗಿಯರಿಗೂ ಅವರ ಮಕ್ಕಳಿಗೂ ಅವನೇ ಹಿರಿತಲೆ, ಅವರ ಬಾಯಿ ಅವನೇ. ನೊಂದವಳು ತಾನೇ ಮಾತಾಡುತ್ತೇನೆಂದರೆ ಯಜಮಾನ ಬೇಡವೆನ್ನುವುದಿಲ್ಲ. ಅವಳು ಸುಮ್ಮನಿದ್ದರೆ ಮಾವ ಹೇಳಿದ್ದೇ ಅವಳ ಮಾತು.

"ಸರಿ, ನಿನ್ನ ಮಾವ ನಿನ್ನ ಪರ ತಾನೇ? ಹೇಳ್ಲಿ ಬಿಡು."

ಎನೆಲೇಸಿ ಪೆನ್ಸಿಲನ್ನು ಕಾಗದ ತೂತಾಗುವ ಹಾಗೆ ಒತ್ತಿ ಬರೆದಳು. 'ಸೈಕಲ್ ಮಾವನದು.'

ಡೋರಿಕಾ ಆ ಎರಡು ಪದ ನೋಡುತ್ತಾ ನಿಂತಳು. ವಾಡಿಸೋನಿಗೆ ಇದ್ದದ್ದು ನಾಲ್ಕು ಸೈಕಲ್. ನಾಲ್ಕನ್ನೂ ಲೆಫಾನಿಯಂಥವರಿಗೆ ಬಾಡಿಗೆಗೆ ಬಿಟ್ಟಿದ್ದ. ಬ್ರೇಕ್ ಒಂದಕ್ಕೂ ಇಲ್ಲ. ತಪ್ಪು ಸೈಕಲ್ಲಿನದೆಂದು ಆದರೆ ತಪ್ಪು ಅವನದೇ. ತಪ್ಪು ಹುಡುಗಿಯದೆಂದು ಆದರೆ ಅವನಿಗೂ ನಿಶ್ಚಿಂತೆ, ಲೆಫಾನಿಗೂ ನಿಶ್ಚಿಂತೆ. ಮುರಿದ ದವಡೆಯ ಪರವಾಗಿ ಮಾತಾಡಲು ದವಡೆ ಮುರಿದವನೇ ಎದ್ದು ನಿಲ್ಲುತ್ತಾನೆ! ಡೋರಿಕಾಳ ಮೈ ಉರಿದುಹೋಯಿತು.

"ಬರ್ದು ಕೊಡು."

'ಯಜಮಾನರಿಗೆ ಓದು ಬರಲ್ಲ. ಓದೋನು ಮಾವನ ಗೆಳೆಯ.'

"ನಾನು ಬಂದು ಹೇಳ್ತೀನಿ."

ಎನೆಲೇಸಿ ಆಗದೆಂದು ತಲೆಯಾಡಿಸಿದಳು. ಹೊರಗಿನವರ ಮಾತು ಯಜಮಾನನ ನ್ಯಾಯದಲ್ಲಿ ನಡೆಯುವುದಿಲ್ಲ. ಆಮೇಲೆ ತನ್ನ ಬಾಯಿಯನ್ನು ತೋರಿಸಿ ಎರಡು ಬೆರಳಿನಿಂದ ಕತ್ತರಿಯಾಡಿಸಿದಳು.

ಡೋರಿಕಾಗೆ ಈಗ ಸಿಟ್ಟು ಹುಡುಗಿಯ ಮೇಲೂ ತಿರುಗಿತು. "ಬಿಚ್ಚಲ್ಲ. ಮೂರು ವಾರ ಕೂಡ ಆಗಿಲ್ಲ. ಎಲುಬು ಹಸೀ ಕಡ್ಡಿಯಂಗಿದೆ. ಶನಿವಾರ ಒಂದು ಗಂಟೆ ಬಾಯಿಬಡ್ಕೊಂಡ್ರೆ ಜೀವಮಾನವೆಲ್ಲಾ ಸೊಟ್ಟ ಮೂತಿ. ನಿನ್ ಮಾತು ಮೂರು ವಾರ ಕಾಯ್ಲಿ."

ಎನೆಲೇಸಿ ಹಲ್ಲಿನ ಸಂದಿಯಿಂದ ಒಂದೊಂದೇ ಪದವನ್ನು ಹಿಂಡಿ ತೆಗೆದಳು. "ನ್ಯಾಯ... ಕಾಯಲ್ಲ. ನೀವ್... ಬಿಚ್ದಿದ್ರೆ... ಅವ್ವನ್ ಹತ್ರ... ಇಕ್ಕಳ ಐತೆ."

ಹೇಳಿ ಹೊರಟೇಹೋದಳು.

ಶನಿವಾರ ಡೋರಿಕಾ ಆಸ್ಪತ್ರೆಯ ಬಿಳಿ ಅಂಗಿ ಕಳಚಿಟ್ಟು, ಮೋಟಾರ್ ಕಬಾಜ ಹತ್ತಿ ಆ ಊರಿಗೆ ಹೋದಳು. ದಾರಿಯುದ್ದಕ್ಕೂ ಅದನ್ನು ಓಡಿಸುವವನಿಗೆ ಬೈದಳು. "ಹೆಲ್ಮೆಟ್ಟು ಕನ್ನಡಿಗಾ ತಲೆಗಾ?" "ತಲೆ ಕಡೀತದೆ ಅಮ್ಮಾ, ಸೆಕೆ." "ಮುಖ ಹಪ್ಪಳ ಆದ್ರೆ ತಂಪಾಗ್ತದಾ?" ಅವನು ನಕ್ಕ. ಹೆಲ್ಮೆಟ್ಟು ಮಾತ್ರ ಕನ್ನಡಿಯಲ್ಲೇ ಉಳಿಯಿತು.

ಯಜಮಾನನ ಮನೆಯ ಮುಂದಿನ ಮಾವಿನ ಮರದ ಕೆಳಗೆ ಜನ ಸೇರಿದ್ದರು. ಗಂಡಸರು ಬೆಂಚಿನ ಮೇಲೆ, ಹೆಂಗಸರು ಚಾಪೆಗಳ ಮೇಲೆ. ಎಪ್ಪತ್ತೈದು ದಾಟಿದ ಯಜಮಾನ ಮಕುಂಗ್ವಾ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಎಡಗಿವಿ ಪೂರಾ ಹೋಗಿತ್ತು, ಬಲಗಿವಿಯೂ ಅಷ್ಟಕ್ಕಷ್ಟೆ. ಎದುರಿನ ಚಾಪೆಯ ಮೇಲೆ ಎನೆಲೇಸಿ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಅವ್ವ. ಡೋರಿಕಾ ಹೋಗಿ ಹೆಂಗಸರ ಹಿಂದೆ ಕುಳಿತು ಮೊದಲು ಅವ್ವನ ಚಿತೆಂಜೆಯ ತುದಿ ನೋಡಿದಳು. ಗಂಟು ಹಾಗೇ ಇತ್ತು. ಉಸಿರು ಬಂತು.

ಲೆಫಾನಿ ಎದ್ದು, ಕೈ ಚಪ್ಪಾಳೆ ತಟ್ಟಿ ವಂದಿಸಿ, ತನ್ನ ಮಾತು ಹೇಳಿದ. ಅಂಗಿ ಎಳೆದದ್ದು, ಬೇಸಿನ್ ಜಾರಿದ್ದು, ತಾನು ಕಷ್ಟಪಟ್ಟು ನಿಲ್ಲಿಸಲು ನೋಡಿದ್ದು. ಅವನ ಕಣ್ಣು ಪದೇ ಪದೇ ವಾಡಿಸೋನಿಯ ಕಡೆಗೆ ಹೋಗುತ್ತಿತ್ತು.

ಆಮೇಲೆ ವಾಡಿಸೋನಿ ಎದ್ದ. ಇಸ್ತ್ರಿ ಹಾಕಿದ ಅಂಗಿ, ದುಂಡು ಮುಖ, ಮೆದು ದನಿ.

"ಯಜಮಾನ್ರೇ, ನಮ್ ಹುಡ್ಗೀನೂ ತಪ್ಪು ಮಾಡೌಳೆ. ಚಿಕ್ ವಯಸ್ಸು, ಹೆದ್ರಿಕೊಂಡ್ಳು, ಎಳೆದ್ಲು. ಲೆಫಾನಿ ಮ್ಯಾಲೆ ನಮ್ಗೇನೂ ಕೋಪ ಇಲ್ಲ. ಒಂದೇ ಊರಿನೋರು. ಹುಡ್ಗೀಗೆ ಬುದ್ಧಿ ಹೇಳ್ತೀವಿ, ಇನ್ಮ್ಯಾಲೆ ಸರಿಯಾಗ್ ಕೂರ್ತಾಳೆ. ಇಲ್ಲಿಗೇ ಮುಗ್ಸುವಾ."

ಬೆಂಚಿನ ಗಂಡಸರು ತಲೆದೂಗಿದರು. "ಹಿರಿಯರ ಮಾತು ಅಂದ್ರೆ ಇದು," ಅಂದ ಒಬ್ಬ.

ಡೋರಿಕಾ ಎದ್ದುನಿಂತಳು. "ಯಜಮಾನ್ರೇ, ನಾನು ಆಸ್ಪತ್ರೆಯೋಳು. ಆ ಸೈಕಲ್ಲಿಗೆ..."

"ಅಮ್ಮಾ, ಇದು ಆಸ್ಪತ್ರೆ ಅಲ್ಲ," ಎಂದ ವಾಡಿಸೋನಿ, ಅದೇ ಮೆದು ದನಿಯಲ್ಲಿ. "ಹಲ್ ಕೀಳಿ ಅಂದಾಗ ಬರ್ವಿರಂತೆ." ಜನ ನಕ್ಕರು. ಯಜಮಾನ ಕೋಲೆತ್ತಿ ಡೋರಿಕಾಗೆ ಕೂರುವಂತೆ ಸನ್ನೆ ಮಾಡಿದ. ಅವಳು ಕುಳಿತಳು. ಹದಿನಾಲ್ಕು ವರ್ಷ ಆ ಊರಿನವರ ಬಾಯೊಳಗೆ ಕೈ ಹಾಕಿದ್ದವಳಿಗೆ ಅವರ ಮುಂದೆ ಬಾಯಿ ತೆಗೆಯುವ ಹಕ್ಕಿರಲಿಲ್ಲ.

"ಹುಡ್ಗಿ ಏನಂತಾಳೆ?" ಎಂದು ಯಜಮಾನ ಪದ್ಧತಿಯಂತೆ ಕೇಳಿದ.

"ಅವ್ಳಿಗೆ ಮಾತು ಬರಲ್ಲ ಯಜಮಾನ್ರೇ, ಬಾಯಿಗೆ ಬೇಲಿ ಹಾಕೌರೆ," ಎಂದು ಬೆಂಚಿನಿಂದ ಯಾರೋ ಕೂಗಿದರು. ಲೆಫಾನಿಯ ಗೆಳೆಯನೊಬ್ಬ ಸೈಕಲ್ ರಿಪೇರಿಯ ದೊಡ್ಡ ಇಕ್ಕಳ ಎತ್ತಿ ತೋರಿಸಿದ. "ಬೇಕಾರೆ ನಾವೇ ಬಿಚ್ತೀವಿ! ಚೈನು ಬಿಚ್ಚಿದ್ ಕೈ ಇದು!" ಮತ್ತೆ ನಗು.

ಎನೆಲೇಸಿಯ ಕೈ ಅವ್ವನ ಚಿತೆಂಜೆಯ ಗಂಟಿಗೆ ಹೋಯಿತು. ಅವ್ವ ಬಿಡಿಸಲು ನೋಡಲಿಲ್ಲ, ತಡೆಯಲೂ ಇಲ್ಲ. ಅವಳಿಗೂ ತಮ್ಮನ ಮಾತು ಕೇಳಿ ಮುಖ ಕಪ್ಪಿಟ್ಟಿತ್ತು. ಗಂಟು ಬಿಚ್ಚಿತು. ಪುಟ್ಟ ಇಕ್ಕಳ ಹುಡುಗಿಯ ಕೈಗೆ ಬಂತು. ಅವಳು ಅದನ್ನು ತುಟಿಯವರೆಗೆ ಎತ್ತಿದಳು.

ಡೋರಿಕಾ ಹೆಂಗಸರ ಕಾಲು ತುಳಿದುಕೊಂಡು ಮುಂದೆ ನುಗ್ಗಿ ಅವಳ ಮಣಿಕಟ್ಟು ಹಿಡಿದಳು.

"ಹಿಂಗೇ ಹೇಳು," ಎಂದಳು. "ತಂತಿ ಇದ್ದಂಗೇ ಹೇಳು. ನಂಗ್ ಹೇಳ್ದಂಗೆ ಹೇಳು. ಜೊಲ್ಲು ಸುರಿದ್ರೆ ಸುರೀಲಿ. ಇವ್ರಿಗೆ ಕೇಳ್ಬೇಕು ಅಂದ್ರೆ ಇವ್ರೇ ಕಿವಿ ಹತ್ರ ತರ್ಲಿ. ಇವ್ರಿಗೆ ಕೇಳ್ಲಿ ಅಂತ ನೀನ್ಯಾಕೆ ಎಲುಬು ಮುರ್ಕೋಬೇಕು?"

ಎನೆಲೇಸಿ ಅವಳನ್ನು ನೋಡಿದಳು. ಆಮೇಲೆ ಬಾವಿಯ ಹತ್ತಿರ ನಕ್ಕಿದ್ದ ಹೆಂಗಸರನ್ನು. ಇಕ್ಕಳ ಕೆಳಗಿಳಿಯಿತು. ಅವಳು ಯಜಮಾನನ ಕಡೆ ತಿರುಗಿ ಹಲ್ಲಿನ ಹಿಂದಿನಿಂದ ಮಾತು ಶುರುಮಾಡಿದಳು. ಝುಂ ಝುಂ ಎಂದಿತೇ ಹೊರತು ಯಾರಿಗೂ ಏನೂ ತಿಳಿಯಲಿಲ್ಲ. ಗದ್ದದ ಮೇಲೆ ಜೊಲ್ಲಿಳಿಯಿತು. ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ.

ಮಕುಂಗ್ವಾ ಕೋಲನ್ನು ನೆಲಕ್ಕೆ ಕುಟ್ಟಿದ. "ಏ, ಹಲ್ ಕಿರಿಬ್ಯಾಡ್ರೋ! ನಂಗೂ ಕೇಳ್ಸಲ್ಲ. ನನ್ ಕಿವೀನೂ ನೋಡಿ ನಗ್ತೀರಾ?" ಎಂದ. ಕುರ್ಚಿಯಿಂದ ಎದ್ದ. ಮಂಡಿ ಹಿಡಿದುಕೊಂಡು, ಕೋಲೂರಿಕೊಂಡು ಬಂದು, ಹೆಂಗಸರ ಚಾಪೆಯ ಮೇಲೆ ಹುಡುಗಿಯ ಪಕ್ಕದಲ್ಲೇ ಕುಳಿತ. ಯಜಮಾನನೊಬ್ಬ ಆ ಚಾಪೆಯ ಮೇಲೆ ಕುಳಿತದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಬಲಗಿವಿಯನ್ನು ಅವಳ ತುಟಿಗೆ ತಾಕಿಸುವಷ್ಟು ಬಾಗಿದ.

"ಹೇಳು ಮಗಾ."

ಕಿವುಡರಿಗೆ ಒಂದು ಅಭ್ಯಾಸ. ಕೇಳಿದ್ದು ಸರಿಯೇ ಎಂದು ತಿಳಿಯಲು ಅದನ್ನೇ ಗಟ್ಟಿಯಾಗಿ ಹೇಳಿ ನೋಡುತ್ತಾರೆ. ಮಕುಂಗ್ವಾ ಹುಡುಗಿ ಹಿಂಡಿ ತೆಗೆದ ಒಂದೊಂದು ಮಾತನ್ನೂ ಮರದ ಕೆಳಗಿದ್ದ ಅಷ್ಟೂ ಜನಕ್ಕೆ ಕೇಳುವಂತೆ ಕೂಗಿ ಹೇಳಿದ.

"ನಾನು... ಅಂಗಿ ಎಳೀಲಿಲ್ಲ. ಎಳೀಲಿಲ್ವಾ? ಹೂಂ. ಎರಡೂ ಕೈ... ಬೇಸಿನ್ ಮ್ಯಾಲಿತ್ತು. ಇಟ್ಟಿಗೆ ಗೂಡಿನ ಇಳ್ಕಲಲ್ಲಿ... ಅವ್ನ ಚಪ್ಲಿ ಕಿತ್ತೋಯ್ತು. ಗಾಲಿ ನಿಲ್ಲಲಿಲ್ಲ. ಅವ್ನು... ಹಾರ್ಕೊಂಡ. ನನ್ನ ಬಿಟ್ಟು ಹಾರ್ಕೊಂಡ."

ಲೆಫಾನಿ ತಲೆ ತಗ್ಗಿಸಿದ.

"ಸೈಕಲ್ಲಿಗೆ ಬ್ರೇಕಿಲ್ಲ. ಮಾವಂಗೆ... ಏನು? ಮಾವಂಗೆ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಮಾವ... ಹಿಮ್ಮಡಿ ಐತಲ್ಲ, ಅದೇ ಬ್ರೇಕು ಅಂದ."

"ಸುಳ್ಳು!" ವಾಡಿಸೋನಿಯ ಮೆದು ದನಿ ಹೋಗಿತ್ತು. "ತಂತಿ ಒಳ್ಗಿಂದ ಗೊಣಗೋದು ಮಾತಾ? ಆ ಆಸ್ಪತ್ರೆಯೋಳು ಹೇಳ್ಕೊಟ್ಟೌಳೆ!"

ಮಕುಂಗ್ವಾ ಚಾಪೆಯ ಮೇಲಿಂದಲೇ ತಲೆಯೆತ್ತಿದ. "ಈಗ ಮಾತಾಡಿದ್ದು ನಾನು ವಾಡಿಸೋನಿ. ನನ್ ಬಾಯಿಗೂ ತಂತಿ ಐತಾ?"

ಯಜಮಾನ ಲೆಫಾನಿಯ ಕಡೆ ನೋಡಿ, "ನೀನ್ ಹೇಳೋ. ಬ್ರೇಕ್ ಐತಾ?" ಎಂದ.

ಲೆಫಾನಿ ಒಮ್ಮೆ ವಾಡಿಸೋನಿಯನ್ನು ನೋಡಿದ, ಒಮ್ಮೆ ತನ್ನ ಬರಿಗಾಲನ್ನು. "ಇಲ್ಲ ಯಜಮಾನ್ರೇ. ಕೇಳಿದ್ರೆ ಸೈಕಲ್ ಕಿತ್ಕೊಂಡು ಬ್ಯಾರೆಯೋರಿಗೆ ಕೊಡ್ತೀನಿ ಅಂದಿದ್ರು. ಅದ್ಕೇ ಕೇಳ್ಲಿಲ್ಲ."

ತೀರ್ಮಾನ ಸಂಜೆಗೆ ಮುಂಚೆಯೇ ಆಯಿತು. ತಪ್ಪು ಹುಡುಗಿಯದಲ್ಲ. ಬ್ರೇಕ್ ಹಾಕಿಸುವ ತನಕ ವಾಡಿಸೋನಿಯ ನಾಲ್ಕು ಸೈಕಲ್ಲೂ ರಸ್ತೆಗೆ ಇಳಿಯಬಾರದು. ತಂತಿ ಬಿಚ್ಚುವವರೆಗೆ ಹುಡುಗಿಯ ಗಂಜಿಗೆ ಬೇಕಾದ್ದನ್ನು ಅವನೇ ತಂದುಕೊಡಬೇಕು. ವಾಡಿಸೋನಿ ಒಪ್ಪಿದ. ಮಾರನೆಯ ದಿನದಿಂದ ಅಕ್ಕನೊಂದಿಗೆ ಮಾತು ಬಿಟ್ಟ. ಕಡಲೆಕಾಯಿಯನ್ನು ಹೊಸಿಲ ಮೇಲೆ ಸುರಿದು ಹೋಗುತ್ತಿದ್ದ, ಕೋಳಿಗೆ ಸುರಿದ ಹಾಗೆ. ಅವ್ವ ಆಯ್ದು, ಕೇರಿ, ಪುಡಿ ಮಾಡಿ ಕದಡುತ್ತಿದ್ದಳು. ಮುದ್ದೆ ತುರುಕುವುದನ್ನು ನಿಲ್ಲಿಸಿದ್ದಳು.

ಡೋರಿಕಾಳ ಸಿಟ್ಟು ಇಳಿಯಲಿಲ್ಲ. ಆ ನಾಲ್ಕು ಸೈಕಲ್ಲಿಗೆ ಬ್ರೇಕ್ ಬಂತು. ಪೇಟೆಯಲ್ಲಿ ಮಿಕ್ಕ ಮುನ್ನೂರಕ್ಕೆ ಬರಲಿಲ್ಲ. ಮುಂದಿನ ಬುಧವಾರವೇ ಅದೇ ಇಳಿಜಾರಿನಿಂದ ಒಬ್ಬ ಶಾಲಾ ಮಾಸ್ತರ ಮೂಗು ಜಜ್ಜಿಕೊಂಡು ಬಂದ. ತಪ್ಪು ಯಾರದು ಎಂದು ಅವಳು ಕೇಳಿದಾಗ, "ನನ್ನದೇ ಅಮ್ಮಾ, ಸರಿಯಾಗಿ ಕೂತಿರ್ಲಿಲ್ಲ" ಎಂದ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಎಷ್ಟು ಜೋರಾಗಿ ಕುಕ್ಕಿದಳೆಂದರೆ ಪಕ್ಕದ ಕೋಣೆಯಿಂದ ನರ್ಸ್ ಓಡಿಬಂದಳು.

ನಲವತ್ತಮೂರನೆಯ ದಿನ ಡೋರಿಕಾ ಎನೆಲೇಸಿಯ ತಂತಿ ಬಿಚ್ಚಿದಳು. ಪಟ್ಟಿ ಕಳಚಿ, ವಸಡು ತೊಳೆದು, "ಮೆಲ್ಲಗೆ ಕಚ್ಚು," ಎಂದಳು. ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂತಿತು. ಬಾಯಿ ಎರಡು ಬೆರಳಗಲ ಮಾತ್ರ ತೆರೆಯುತ್ತಿತ್ತು, ಅದು ದಿನ ಕಳೆದಂತೆ ಸಡಿಲವಾಗುತ್ತದೆ. ತುಟಿಯ ಗೀರು ಉಳಿಯಿತು. ಮೂರು ಹಲ್ಲಿನ ಜಾಗ ಖಾಲಿ ಉಳಿಯಿತು. ಹುಡುಗಿ ಕನ್ನಡಿ ಕೇಳಿ ಬಹಳ ಹೊತ್ತು ನೋಡಿಕೊಂಡಳು.

"ಚೆನ್ನಾಗಿ ಕಟ್ಟಿದ್ರಿ," ಎಂದಳು ಕೊನೆಗೆ. "ಆದ್ರೆ ಅವತ್ತು ಗುರುವಾರ ನಂಗೆ ನಿಮ್ಮನ್ನೂ ಹೊಡೀಬೇಕು ಅನ್ನಿಸಿತ್ತು."

"ನಂಗೂ ಅಷ್ಟೇ," ಎಂದಳು ಡೋರಿಕಾ.

ಇದೆಲ್ಲ ಆಗಿ ಆರೇಳು ವರ್ಷ ಕಳೆದಿದೆ. ಎನೆಲೇಸಿಗೆ ಈಗ ಇಪ್ಪತ್ತಾರು ವರ್ಷ. ಮದುವೆಯಾಗಿ ಒಂದು ಗಂಡುಮಗು ಇದೆ. ಪೇಟೆಯ ಮಾರುಕಟ್ಟೆಯಲ್ಲಿ, ಬಸ್ ನಿಲ್ದಾಣದ ಕಡೆಯ ಮೂರನೆಯ ಸಾಲಿನಲ್ಲಿ, ಮೂಟೆಯಲ್ಲಿ ಬರುವ ಹಳೆಯ ಬಟ್ಟೆ ಮಾರುತ್ತಾಳೆ, ಹೆಚ್ಚಾಗಿ ಮಕ್ಕಳದು.